ಬಡ್ಡಿ ಕಟ್ಟುತ್ತಲೇ ಇದ್ದರೆ ಅಸಲು ಅಲ್ಲೇ ಇರುತ್ತದೆ: ಮನೆ ಮೇಲಿನ ಲಿಮಿಟ್ ಸಾಲದ ಬಗ್ಗೆ

ಶಿವಮೊಗ್ಗದಲ್ಲಿ ಬೆಳೆಗಾರರು ಮತ್ತು ನಿವೃತ್ತರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಟಿಪ್ಪಣಿ ನೋಡಿಕೊಂಡು ಬರೆದದ್ದು.

ಈ ವಿಷಯ ಯಾಕೆ ಆರಿಸಿಕೊಂಡೆ ಅಂದರೆ, ಎರಡು ಕಡೆಯಿಂದ ಒಂದೇ ಪ್ರಶ್ನೆ ನನ್ನ ಹತ್ತಿರ ಬರುತ್ತಿದೆ. ಸಾಗರ, ತೀರ್ಥಹಳ್ಳಿ ಕಡೆಯ ಅಪ್ಪ ಅಮ್ಮಂದಿರು ಕೇಳುತ್ತಾರೆ, "ಮಗ ಅಮೆರಿಕದಲ್ಲಿ ಮನೆ ಮೇಲೆ ಲೈನ್ ತಗೊಂಡು ಶಿವಮೊಗ್ಗದಲ್ಲಿ ಸೈಟ್ ಮಾಡ್ತೀನಿ ಅಂತಾನೆ, ತೊಂದರೆ ಇಲ್ಲ ಅಲ್ವಾ?" ಅಂತ. ಇಲ್ಲೇ ಊರಲ್ಲಿ ಮನೆ ಇರುವವರು ಕೇಳುತ್ತಾರೆ, "ಬ್ಯಾಂಕಿನಲ್ಲಿ ಮನೆ ಮೇಲೆ ಓಡಿ ಕೊಡ್ತಾರಂತೆ, ಬೇಕಾದಾಗ ತೆಗೆದು ಬಡ್ಡಿ ಮಾತ್ರ ಕಟ್ಟಿದರೆ ಆಯ್ತಂತೆ, ಹೌದಾ?" ಅಂತ. ಓಡಿ ಅಂದರೆ ಓವರ್‌ಡ್ರಾಫ್ಟ್, ಬ್ಯಾಂಕು ಹಾಕಿಕೊಟ್ಟ ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಖಾತೆ. ಎರಡೂ ಒಂದೇ ಜಾತಿಯ ಸಾಲ. ನಿಯಮ ಬೇರೆ, ಹೆಸರು ಬೇರೆ. ಆದರೆ ಜನ ಸಿಕ್ಕಿಬೀಳುವ ಜಾಗ ಎರಡರಲ್ಲೂ ಒಂದೇ. ಅದು ಈಗ ಕೇಳಿದಿರಲ್ಲ, "ಬಡ್ಡಿ ಮಾತ್ರ ಕಟ್ಟಿದರೆ ಆಯ್ತು" ಅನ್ನುವ ಆ ಮಾತು. ಇವತ್ತು ನಾನು ಹೇಳುವುದೆಲ್ಲ ಅದರ ಸುತ್ತಲೇ.

ಮೊದಲು ಅಮೆರಿಕದ್ದು ನೋಡೋಣ. ಅಲ್ಲಿ ಇದಕ್ಕೆ ಹೋಮ್ ಈಕ್ವಿಟಿ ಲೈನ್ ಆಫ್ ಕ್ರೆಡಿಟ್ ಅಂತಾರೆ, ಮಕ್ಕಳು ಫೋನಿನಲ್ಲಿ ಹೀಲಾಕ್ ಅಂದರೆ ಇದೇ. ಮನೆಯ ಇವತ್ತಿನ ಬೆಲೆಯಿಂದ ಅದರ ಮೇಲೆ ಬಾಕಿ ಇರುವ ಸಾಲ ಕಳೆಯಿರಿ. ಉಳಿದದ್ದು ಮನೆಯಲ್ಲಿ ನಿಮ್ಮ ಪಾಲು. ಆ ಪಾಲಿನ ಮೇಲೆ ಬ್ಯಾಂಕು ಒಂದು ಮಿತಿ ಹಾಕಿಕೊಡುತ್ತದೆ. ಮನೆ 5 ಲಕ್ಷ ಡಾಲರಿನದು, ಹಳೇ ಸಾಲ 3 ಲಕ್ಷ ಬಾಕಿ ಇದೆ ಅಂತ ಇಟ್ಟುಕೊಳ್ಳಿ. ಎಲ್ಲ ಸಾಲವೂ ಸೇರಿ ಮನೆ ಬೆಲೆಯ ಶೇ. 80 ದಾಟಬಾರದು ಅಂತ ಬ್ಯಾಂಕಿನ ಲೆಕ್ಕ ಇದ್ದರೆ, 4 ಲಕ್ಷದ ತನಕ ಹೋಗಬಹುದು. ಹಳೇ ಸಾಲ ಕಳೆದರೆ 1 ಲಕ್ಷ ಡಾಲರ್ ಲಿಮಿಟ್ ಸಿಕ್ಕಿತು. ಕೆಲವು ಬ್ಯಾಂಕು ಶೇ. 85ರ ತನಕವೂ ಹೋಗುತ್ತವೆ.

ಈ 1 ಲಕ್ಷ ನಿಮ್ಮ ಕೈಗೆ ಒಟ್ಟಿಗೆ ಬರುವುದಿಲ್ಲ. ಬೇಕಾದಷ್ಟು ತೆಗೆಯಬಹುದು, ಕಟ್ಟಬಹುದು, ಮತ್ತೆ ತೆಗೆಯಬಹುದು. ತೆಗೆದದ್ದಕ್ಕೆ ಮಾತ್ರ ಬಡ್ಡಿ. ಹೀಗೆ ತೆಗೆಯುವ ಅವಧಿ ಸಾಮಾನ್ಯವಾಗಿ 10 ವರ್ಷ. ಆ 10 ವರ್ಷ ಹೆಚ್ಚಿನ ಕಡೆ ಬಡ್ಡಿ ಮಾತ್ರ ಕಟ್ಟಿದರೂ ನಡೆಯುತ್ತದೆ. ಅದು ಮುಗಿದ ದಿನದಿಂದ ತೆಗೆಯುವುದು ಬಂದ್. ಅಸಲು ಬಡ್ಡಿ ಎರಡೂ ಸೇರಿಸಿ 10 ಇಲ್ಲವೇ 20 ವರ್ಷದ ಕಂತಿನಲ್ಲಿ ತೀರಿಸಬೇಕು.

ಇಲ್ಲಿ ಸ್ವಲ್ಪ ನಿಲ್ಲೋಣ, ಲೆಕ್ಕ ಮಾಡೋಣ. ಲೆಕ್ಕ ಅಂದ ಕೂಡಲೇ ಹಿಂದಿನ ಸಾಲಿನವರು ಫೋನ್ ತೆಗೆಯುತ್ತಿದ್ದೀರಿ, ದಯವಿಟ್ಟು ಅದರಲ್ಲೇ ಕ್ಯಾಲ್ಕುಲೇಟರ್ ತೆಗೆಯಿರಿ, ಜೊತೆಗೇ ಮಾಡಿ ನೋಡಿ.

1 ಲಕ್ಷ ಡಾಲರ್ ಪೂರ್ತಿ ತೆಗೆದಿದ್ದಾನೆ ಮಗ. ಬಡ್ಡಿ ದರ ಬದಲಾಗುವಂಥದ್ದು. ಅಲ್ಲಿ ಪ್ರೈಮ್ ರೇಟ್ ಅಂತ ಒಂದು ದರ ಇದೆ. ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ತನ್ನ ದರ ಏರಿಸಿದರೆ ಅದೂ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಅದರ ಮೇಲೆ ಬ್ಯಾಂಕು ತನ್ನದೊಂದಿಷ್ಟು ಸೇರಿಸುತ್ತದೆ. ನಾವು ಅರ್ಧ ಪರ್ಸೆಂಟ್ ಅಂತ ಹಿಡಿಯೋಣ. 2022ರ ಮಾರ್ಚ್ ಶುರುವಿನಲ್ಲಿ ಪ್ರೈಮ್ ಶೇ. 3.25 ಇತ್ತು. ಅರ್ಧ ಸೇರಿಸಿದರೆ 3.75. ತಿಂಗಳಿಗೆ ಬಡ್ಡಿ 312 ಡಾಲರ್ ಚಿಲ್ಲರೆ. ಆರಾಮ ಅಲ್ವಾ? 2023ರ ಜುಲೈ ಹೊತ್ತಿಗೆ ಅದೇ ಪ್ರೈಮ್ 8.50ಕ್ಕೆ ಹೋಯಿತು. ಅರ್ಧ ಸೇರಿ 9. ತಿಂಗಳಿಗೆ 750 ಡಾಲರ್. ಒಂದೂವರೆ ವರ್ಷದೊಳಗೆ ಕಂತು ಎರಡು ಪಟ್ಟಿಗಿಂತ ಜಾಸ್ತಿ ಆಯಿತು, ಮಗ ಹೊಸದಾಗಿ ಒಂದು ಡಾಲರೂ ತೆಗೆದಿಲ್ಲ.

ಈಗ 10 ವರ್ಷ ಮುಗಿಯಿತು ಅನ್ನಿ, ದರ 9ರಲ್ಲೇ ನಿಂತಿದೆ ಅನ್ನಿ. ಇಷ್ಟು ವರ್ಷ ಬಡ್ಡಿ ಮಾತ್ರ ಕಟ್ಟಿದ್ದಾನೆ, ಹಾಗಾಗಿ ಅಸಲು 1 ಲಕ್ಷ ಹಾಗೇ ಇದೆ. ಅದನ್ನು 10 ವರ್ಷದಲ್ಲಿ ತೀರಿಸಬೇಕು ಅಂತ ಒಪ್ಪಂದ ಇದ್ದರೆ ತಿಂಗಳ ಕಂತು ಸುಮಾರು 1,267 ಡಾಲರ್. 20 ವರ್ಷ ಅಂತ ಇದ್ದರೆ ಸುಮಾರು 900. 312 ಡಾಲರ್ ನೋಡಿ ಸಾಲ ಮಾಡಿದವನಿಗೆ ಈ 1,267 ಎಲ್ಲಿಂದ ಬರಬೇಕು? ಅಷ್ಟೊತ್ತಿಗೆ ಅವನ ಮಗಳು ಕಾಲೇಜು ಸೇರುವ ವಯಸ್ಸಿಗೆ ಬಂದಿರುತ್ತಾಳೆ.

ಅಲ್ಲಿ ಇಷ್ಟೊಂದು ಜನ ಯಾಕೆ ಇದನ್ನು ತಗೊಳ್ಳುತ್ತಾರೆ ಅಂತ ಕೇಳಬಹುದು. ಅದಕ್ಕೆ ಸರಿಯಾದ ಕಾರಣ ಇದೆ. 2020, 2021ರಲ್ಲಿ ಅಲ್ಲಿ ಮನೆ ಸಾಲ ಶೇ. 3ರ ಆಸುಪಾಸಿನಲ್ಲಿ, ಅದೂ 30 ವರ್ಷ ಬದಲಾಗದ ದರದಲ್ಲಿ ಸಿಗುತ್ತಿತ್ತು. ಆಮೇಲೆ 2023ರಲ್ಲಿ ಅದೇ ಸಾಲ ಶೇ. 7 ದಾಟಿತು. 3ರ ಸಾಲ ಇರುವವನು ಅದನ್ನು ಮುಚ್ಚಿ 7ರ ದೊಡ್ಡ ಸಾಲಕ್ಕೆ ಯಾಕೆ ಹೋಗುತ್ತಾನೆ? ಹಳೇದನ್ನು ಮುಟ್ಟದೆ ಬೇಕಾದಷ್ಟಕ್ಕೆ ಮಾತ್ರ ಇನ್ನೊಂದು ಲೈನ್ ತಗೊಳ್ಳುತ್ತಾನೆ. ಅದು ಜಾಣತನವೇ. ಅಡುಗೆಮನೆ ರಿಪೇರಿ, ಮಾಡು ಬದಲಾಯಿಸುವುದು, ಇಂಥ ಒಂದು ಗೊತ್ತಾದ ಕೆಲಸಕ್ಕೆ ತೆಗೆದು, ಎರಡು ಮೂರು ವರ್ಷದಲ್ಲಿ ತೀರಿಸುತ್ತೇನೆ ಅಂತ ತಾನೇ ಅಸಲಿಗೂ ಹಾಕುತ್ತಾ ಹೋದರೆ ಇದಕ್ಕಿಂತ ಅನುಕೂಲದ ಸಾಲ ಕಡಿಮೆ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಹೋಲಿಸಿದರೆ ಇದು ತುಂಬ ಕಡಿಮೆ. ಆದರೆ ಒಂದು ವ್ಯತ್ಯಾಸ ಇದೆ. ಕ್ರೆಡಿಟ್ ಕಾರ್ಡ್ ಕಟ್ಟದಿದ್ದರೆ ಬ್ಯಾಂಕು ನೇರವಾಗಿ ಬಂದು ಮನೆ ಹಿಡಿಯುವುದಿಲ್ಲ. ಇದನ್ನು ಕಟ್ಟದಿದ್ದರೆ ಮನೆಗೇ ಕೈ ಹಾಕಬಹುದು.

ಲಿಮಿಟ್ ಇದೆ ಅಂದ ಮಾತ್ರಕ್ಕೆ ಅದು ಯಾವಾಗಲೂ ಇರುತ್ತದೆ ಅಂತಲೂ ಅಲ್ಲ. ಮನೆ ಬೆಲೆ ಗಣನೀಯವಾಗಿ ಬಿದ್ದರೆ, ಇಲ್ಲವೇ ಸಾಲಗಾರನ ಆದಾಯ ಕೆಟ್ಟರೆ, ಬ್ಯಾಂಕು ಲೈನ್ ನಿಲ್ಲಿಸಬಹುದು, ಇಳಿಸಬಹುದು. 2008ರ ಸುಮಾರಿಗೆ ಅಲ್ಲಿ ಮನೆ ಬೆಲೆ ಕುಸಿದಾಗ ಬ್ಯಾಂಕುಗಳು ಹಾಗೇ ಮಾಡಿದವು. ಕೆಲಸ ಹೋದರೆ ಇರಲಿ ಅಂತ ಲೈನ್ ಇಟ್ಟುಕೊಂಡವರಿಗೆ, ಕೆಲಸ ಹೋಗುವ ಕಾಲದಲ್ಲೇ ಲೈನೂ ಹೋಯಿತು. ಆಪತ್ತಿಗೆ ಇರಲಿ ಅನ್ನುವ ದುಡ್ಡು ನಿಮ್ಮದೇ ಖಾತೆಯಲ್ಲಿ, ನಿಮ್ಮದೇ ದುಡ್ಡಾಗಿ ಇರಬೇಕು ಅಂತ ನಾನು ಹಠ ಹಿಡಿದು ಹೇಳುವುದು ಅದಕ್ಕೇ.

ಅಲ್ಲಿನ ಕಾನೂನಿನಲ್ಲಿ ಒಂದು ಒಳ್ಳೆಯ ಅಂಶ ಇದೆ, ನನಗೆ ತುಂಬ ಇಷ್ಟವಾದದ್ದು. ವಾಸದ ಮನೆ ಮೇಲೆ ಇಂಥ ಲೈನ್‌ಗೆ ಸಹಿ ಹಾಕಿದ ಮೇಲೂ ಮೂರು ಕೆಲಸದ ದಿನದೊಳಗೆ "ಬೇಡ" ಅಂತ ಬರೆದುಕೊಟ್ಟರೆ ರದ್ದಾಗುತ್ತದೆ, ಕಾರಣ ಹೇಳಬೇಕಾಗಿಲ್ಲ. ಮಕ್ಕಳಿಗೆ ಇದನ್ನು ಹೇಳಿ. ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಈಗ ಆ ಸೈಟಿನ ವಿಷಯಕ್ಕೆ ಬರೋಣ. ಮಗ ಅಲ್ಲಿ ಲೈನ್‌ನಿಂದ ಡಾಲರ್ ತೆಗೆದು ಇಲ್ಲಿ ಸೈಟ್ ತಗೊಳ್ಳುತ್ತಾನೆ. ನಾನು ಬೇಡ ಅಂತಲೇ ಹೇಳುತ್ತೇನೆ, ಯಾಕೆ ಅಂತಲೂ ಹೇಳುತ್ತೇನೆ. ಸಾಲ ಡಾಲರಿನಲ್ಲಿ, ಆಸ್ತಿ ರೂಪಾಯಿಯಲ್ಲಿ. 2022ರ ಶುರುವಿನಲ್ಲಿ ಡಾಲರಿಗೆ ಸುಮಾರು 75 ರೂಪಾಯಿ ಇತ್ತು, 2025ರ ಶುರುವಿನಲ್ಲಿ 85 ದಾಟಿತ್ತು. ಸೈಟಿನ ಬೆಲೆ ಇಲ್ಲಿ ಏರಿದೆ ಅಂತ ನಾವು ಖುಷಿಪಡುತ್ತಿರುತ್ತೇವೆ, ಅವನ ಡಾಲರ್ ಲೆಕ್ಕದಲ್ಲಿ ಅದು ಅಷ್ಟು ಏರಿರುವುದಿಲ್ಲ. ಖಾಲಿ ಸೈಟು ಬಾಡಿಗೆ ತರುವುದಿಲ್ಲ, ಬಡ್ಡಿ ಮಾತ್ರ ಪ್ರತಿ ತಿಂಗಳೂ ಹೋಗುತ್ತದೆ. ಇನ್ನು ತೆರಿಗೆ. 2017ರಲ್ಲಿ ಅಲ್ಲಿ ಕಾನೂನು ಬದಲಾದ ಮೇಲೆ, ಈ ಲೈನ್‌ನ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುವುದು ಯಾವ ಮನೆ ಮೇಲೆ ಸಾಲವೋ ಅದೇ ಮನೆ ಕೊಳ್ಳಲು, ಕಟ್ಟಲು, ದೊಡ್ಡದಾಗಿ ಸುಧಾರಿಸಲು ದುಡ್ಡು ಬಳಸಿದರೆ ಮಾತ್ರ. ಶಿವಮೊಗ್ಗದ ಸೈಟಿಗೆ ಹಾಕಿದ ದುಡ್ಡಿನ ಬಡ್ಡಿಗೆ ಸಿಗುವುದಿಲ್ಲ.

ಒಬ್ಬರು ಈಗ ಎದ್ದು ಕೇಳಿದರು, ಸೈಟ್ ಬಿಡಿ, ಅಡಿಕೆ ತೋಟ ತಗೊಂಡರೆ ಆದಾಯ ಬರುತ್ತಲ್ಲ ಅಂತ. ಆದಾಯದ ಮಾತು ಸರಿ. ಆದರೆ ಅನಿವಾಸಿ ಭಾರತೀಯರು ಇಲ್ಲಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ವಿದೇಶಿ ವಿನಿಮಯದ ನಿಯಮ ಬಿಡುವುದಿಲ್ಲ. ಅಪ್ಪನಿಂದ ಉತ್ತರಾಧಿಕಾರದಲ್ಲಿ ಬಂದರೆ ಇಟ್ಟುಕೊಳ್ಳಬಹುದು. "ನಿಮ್ಮ ಹೆಸರಲ್ಲಿ ತಗೊಳ್ಳಿ ಅಪ್ಪಯ್ಯ, ದುಡ್ಡು ನಾನು ಕಳಿಸ್ತೀನಿ" ಅಂತ ಮಗ ಅಂದರೆ, ವಕೀಲರ ಹತ್ತಿರ ಕೂತು ಮಾತಾಡದೆ ಹೂಂ ಅನ್ನಬೇಡಿ.

ಇನ್ನು ನಮ್ಮ ಕಡೆಯದು. ಇಲ್ಲಿ ಮನೆ ಮೇಲಿನ ಓಡಿ ಎರಡು ಮೂರು ರೂಪದಲ್ಲಿ ಸಿಗುತ್ತದೆ, ಹೆಸರು ಬ್ಯಾಂಕಿಗೊಂದು. ಒಂದು, ಮನೆ ಕಟ್ಟುವ ಸಾಲವನ್ನೇ ಓಡಿ ಖಾತೆಯಾಗಿ ಕೊಡುವುದು. ಸ್ಟೇಟ್ ಬ್ಯಾಂಕಿನ ಮ್ಯಾಕ್ಸ್‌ಗೇನ್ ಇಂಥದ್ದು. ಕಂತು ಮಾಮೂಲಿನಂತೆ ಕಟ್ಟುತ್ತೀರಿ, ಕೈಯಲ್ಲಿ ಹೆಚ್ಚಿಗೆ ಬಂದ ದುಡ್ಡನ್ನು ಅದೇ ಖಾತೆಗೆ ಹಾಕಿಡುತ್ತೀರಿ. ಹಾಕಿಟ್ಟಷ್ಟು ದಿನ ಅಷ್ಟು ಸಾಲಕ್ಕೆ ಬಡ್ಡಿ ಇಲ್ಲ, ಬೇಕಾದಾಗ ವಾಪಸ್ ತೆಗೆಯಬಹುದು. ಅಡಿಕೆ ಮಾರಿ ಬಂದ 4 ಲಕ್ಷ ಆರು ತಿಂಗಳು ಅಲ್ಲಿದ್ದರೆ, ಸಾಲದ ಬಡ್ಡಿ ಶೇ. 8.5 ಅಂತ ಹಿಡಿದರೂ 17,000 ರೂಪಾಯಿ ಉಳಿಯಿತು. ಅದೇ ದುಡ್ಡು ಶೇ. 3ರ ಉಳಿತಾಯ ಖಾತೆಯಲ್ಲಿದ್ದರೆ ಬರುವುದು 6,000. ಬೆಳೆಗಾರರಿಗೆ ಇದು ಹೇಳಿ ಮಾಡಿಸಿದ ಹಾಗಿದೆ, ನಾನು ಮನಸ್ಸು ಬಿಚ್ಚಿ ಶಿಫಾರಸು ಮಾಡುತ್ತೇನೆ. ಒಂದೇ ಷರತ್ತು, ದುಡ್ಡು ನಿಜವಾಗಿ ಅಲ್ಲಿ ಇರಬೇಕು. ಇಂಥ ಖಾತೆಗೆ ಬಡ್ಡಿ ಸ್ವಲ್ಪ ಜಾಸ್ತಿ ಇರುವುದುಂಟು, ಹಾಗಾಗಿ ಹಾಕಿಡಲು ದುಡ್ಡಿಲ್ಲದವರಿಗೆ ಮಾಮೂಲಿ ಕಂತಿನ ಸಾಲವೇ ಮೇಲು.

ಇನ್ನೊಂದು, ಇರುವ ಮನೆಯನ್ನು ಅಡ ಇಟ್ಟು ಲಿಮಿಟ್ ತಗೊಳ್ಳುವುದು. ಇದರಲ್ಲಿ ಕೆಲವಕ್ಕೆ ಲಿಮಿಟ್ ಪ್ರತಿ ತಿಂಗಳು ಅಥವಾ ಪ್ರತಿ ವರ್ಷ ಇಳಿಯುತ್ತಾ ಹೋಗುತ್ತದೆ, ಅಂದರೆ ಅಸಲು ತೀರಿಸಲೇಬೇಕಾಗುತ್ತದೆ. ಇನ್ನು ಕೆಲವಕ್ಕೆ ಲಿಮಿಟ್ ಹಾಗೇ ಇರುತ್ತದೆ, ವರ್ಷಕ್ಕೊಮ್ಮೆ ನವೀಕರಣ. ಜನ ಎರಡನೆಯದನ್ನೇ ಕೇಳುತ್ತಾರೆ. ನಾನು ಮೊದಲನೆಯದನ್ನೇ ತಗೊಳ್ಳಿ ಅನ್ನುತ್ತೇನೆ.

ಯಾಕೆ ಅಂತ ಲೆಕ್ಕ ನೋಡಿ. 5 ಲಕ್ಷ ತೆಗೆದಿದ್ದೀರಿ, ಬಡ್ಡಿ ಶೇ. 10. ಪಾಸ್‌ಬುಕ್ಕಿನಲ್ಲಿ ಅಥವಾ ಸ್ಟೇಟ್‌ಮೆಂಟಿನಲ್ಲಿ ತಿಂಗಳ ಕೊನೆಯ ಸಾಲು ನೋಡಿ: 31 ದಿನದ ತಿಂಗಳಾದರೆ ಬಡ್ಡಿ ಅಂತ 4,247 ರೂಪಾಯಿ ಖರ್ಚು ಹಾಕಿರುತ್ತಾರೆ, ಬಾಕಿ 5,04,247 ಆಗಿರುತ್ತದೆ. ನೀವು ಹೋಗಿ 4,247 ಕಟ್ಟುತ್ತೀರಿ, ಬಾಕಿ ಮತ್ತೆ 5,00,000. ಮುಂದಿನ ತಿಂಗಳು ಅದೇ. ಹೀಗೇ 10 ವರ್ಷ ಕಟ್ಟಿದರೆ ಬಡ್ಡಿಯೇ 5 ಲಕ್ಷ ಹೋಯಿತು, ಬಾಕಿಯ ಜಾಗದಲ್ಲಿ ಇನ್ನೂ 5,00,000 ಅಂತಲೇ ಇದೆ. ಅದೇ 5 ಲಕ್ಷವನ್ನು ಅದೇ ದರದಲ್ಲಿ 5 ವರ್ಷದ ಕಂತಿನ ಸಾಲವಾಗಿ ತಗೊಂಡಿದ್ದರೆ ತಿಂಗಳಿಗೆ 10,624 ಕಟ್ಟಬೇಕಿತ್ತು. ಭಾರ ಹೌದು. ಆದರೆ 5 ವರ್ಷಕ್ಕೆ ಬಡ್ಡಿ ಒಟ್ಟು 1,37,000 ಚಿಲ್ಲರೆ, ಸಾಲ ಚುಕ್ತಾ. ಈ ಎರಡು ಲೆಕ್ಕವನ್ನು ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ಮನೆಯವರ ಮುಂದೆ ಇಡಿ. ಗಂಡ ಹೆಂಡತಿ ಇಬ್ಬರೂ ನೋಡಿದ ಮೇಲೆ ಸಹಿ ಹಾಕಿ.

ನಮ್ಮ ಮಲೆನಾಡಿನವರು ಮುಗ್ಗರಿಸುವ ಇನ್ನೊಂದು ಜಾಗ ಇದೆ, ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ನಮಗೆ ಬೆಳೆ ಸಾಲದ ಅಭ್ಯಾಸ. ಸೊಸೈಟಿಯಲ್ಲಿ ತಗೊಂಡಿರಲಿ, ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ತಗೊಂಡಿರಲಿ, ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ, ದುಡ್ಡು ಬಂದ ಮೇಲೆ ವರ್ಷಕ್ಕೊಮ್ಮೆ ಕಟ್ಟುತ್ತೇವೆ. ಬೆಳೆ ಸಾಲಕ್ಕೆ ಬ್ಯಾಂಕಿನ ಲೆಕ್ಕವೂ ಬೆಳೆಯ ಹಂಗಾಮು ನೋಡಿಯೇ ಇರುತ್ತದೆ. ಮನೆ ಮೇಲಿನ ಓಡಿಗೆ ಹಾಗಿಲ್ಲ. ಅಲ್ಲಿ 90 ದಿನದ ನಿಯಮ. ಬಾಕಿ ಸತತವಾಗಿ 90 ದಿನ ಲಿಮಿಟ್ ಮೀರಿ ನಿಂತರೆ ಖಾತೆ ಕೆಟ್ಟ ಸಾಲದ ಪಟ್ಟಿಗೆ ಹೋಗುತ್ತದೆ. 90 ದಿನ ಏನೂ ಜಮೆ ಆಗದಿದ್ದರೂ ಹೋಗುತ್ತದೆ. ಜಮೆ ಆದದ್ದು ಆ ಅವಧಿಯ ಬಡ್ಡಿಗೆ ಸಾಲದಿದ್ದರೂ ಹೋಗುತ್ತದೆ. ಜೂನ್‌ನಲ್ಲಿ ಅಡಿಕೆಯ ಕೊಳೆ ರೋಗದ ಔಷಧಿಗೆ, ಆಳಿನ ಖರ್ಚಿಗೆ ತೆಗೆದು, ಜನವರಿಯಲ್ಲಿ ಅಡಿಕೆ ಕೊಟ್ಟು ಒಟ್ಟಿಗೆ ಕಟ್ಟುತ್ತೇನೆ ಅಂತ ಸುಮ್ನೆ ಕೂತರೆ, ಜನವರಿಗೆ ಮುಂಚೆಯೇ ನಿಮ್ಮ ಖಾತೆ ಕೆಟ್ಟಿರುತ್ತದೆ. ನಿಮ್ಮ ನಿಯತ್ತಿನಲ್ಲಿ ಏನೂ ಕೊರತೆ ಇಲ್ಲ, ಆದರೂ ಸಾಲಗಾರರ ದಾಖಲೆ ಇಡುವ ಸಿಬಿಲ್‌ನಲ್ಲಿ ಕಲೆ ಉಳಿಯುತ್ತದೆ.

ಆಮೇಲೆ ಬರುವುದು 2002ರ ಸರ್ಫೇಸಿ ಕಾಯ್ದೆ. ಕೆಟ್ಟ ಸಾಲ ಅಂತ ಆದ ಮೇಲೆ ಬ್ಯಾಂಕು 60 ದಿನದ ನೋಟಿಸ್ ಕೊಟ್ಟು, ಕೋರ್ಟಿನಲ್ಲಿ ದಾವೆ ಹೂಡದೆಯೇ ಅಡ ಇಟ್ಟ ಆಸ್ತಿಯ ಸ್ವಾಧೀನಕ್ಕೆ ಹೊರಡಬಹುದು. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಮನೆಗೆ ಅನ್ವಯಿಸುತ್ತದೆ. ನಮ್ಮಲ್ಲಿ ಜನ ತೋಟ ಅಡ ಇಡಲು ಹತ್ತು ಸಲ ಯೋಚಿಸುತ್ತಾರೆ, ಪೇಟೆಯ ಮನೆ ಪತ್ರ ಬೇಗ ಕೊಟ್ಟುಬಿಡುತ್ತಾರೆ. ಕಾನೂನು ನೋಡಿದರೆ ಬೇಗ ಹೋಗುವುದು ಮನೆಯೇ. ನೋಟಿಸ್ ಬಂದರೆ ಬೀರುವಿನಲ್ಲಿ ಇಡಬೇಡಿ. ಅದಕ್ಕೆ ಲಿಖಿತ ಉತ್ತರ ಕೊಡುವ ಹಕ್ಕು ನಿಮಗಿದೆ, ಬ್ಯಾಂಕು ಅದನ್ನು ಪರಿಶೀಲಿಸಿ ಉತ್ತರಿಸಲೇಬೇಕು.

ಹಾಗಾದರೆ ಬೆಳೆಗಾರರು ಇದನ್ನು ಬಳಸುವುದೇ ಬೇಡವಾ? ಬಳಸಬಹುದು. ಜೂನ್‌ನಲ್ಲಿ 5 ಲಕ್ಷ ಬೇಕಿದ್ದರೆ, ಜನವರಿ ತನಕದ ಬಡ್ಡಿಗೆ ಬೇಕಾದ ಸುಮಾರು 30,000 ರೂಪಾಯಿಯನ್ನು ಮೊದಲೇ ಉಳಿತಾಯ ಖಾತೆಯಲ್ಲಿ ಬೇರೆ ತೆಗೆದಿಟ್ಟು, ಅಲ್ಲಿಂದ ಪ್ರತಿ ತಿಂಗಳು ಓಡಿಗೆ ಹೋಗುವ ಹಾಗೆ ಬ್ಯಾಂಕಿಗೆ ಬರೆದುಕೊಡಿ. ಅಡಿಕೆ ದುಡ್ಡು ಬಂದ ವಾರವೇ ಅಸಲಿಗೆ ಹಾಕಿ. ರಾಶಿ ಅಡಿಕೆಗೆ ಇನ್ನೂ ದರ ಬರುತ್ತೆ ಅಂತ ಮಾಲು ಹಿಡಿದಿಟ್ಟು ಓಡಿಯ ಬಡ್ಡಿ ಕಟ್ಟುತ್ತಾ ಕೂರುವವರನ್ನು ನೋಡಿದಾಗ ನನಗೆ ಸಂಕಟ ಆಗುತ್ತದೆ. ದರ ಏರಬಹುದು, ಏರದೆಯೂ ಇರಬಹುದು. ಬಡ್ಡಿಗೆ ಅಂಥ ಅನುಮಾನ ಇಲ್ಲ. ಬೆಳೆ ಸಾಲ ಸಿಗುವಷ್ಟನ್ನು ಮೊದಲು ಅಲ್ಲೇ ತಗೊಳ್ಳಿ, ಅದರ ಬಡ್ಡಿ ಮನೆ ಮೇಲಿನ ಸಾಲಕ್ಕಿಂತ ಎಷ್ಟೋ ಕಡಿಮೆ.

ಯಾವುದಕ್ಕೆ ತೆಗೆಯಬಾರದು ಅಂತ ಕೇಳಿದರೆ, ಮದುವೆಗೆ ಮತ್ತು ಕಾರಿಗೆ. ಅವೆರಡರಿಂದ ಸಾಲ ತೀರಿಸಲು ದುಡ್ಡು ಹುಟ್ಟುವುದಿಲ್ಲ. ಅಷ್ಟೇ ಹೇಳುತ್ತೇನೆ, ಮನೆಯ ವಿಷಯ ನಿಮಗೆ ಬಿಟ್ಟದ್ದು.

ಕಾಗದ ಪತ್ರದ ಬಗ್ಗೆ ಎರಡು ಮಾತು. ನಮ್ಮ ಕಡೆ ತೋಟದ ಮಧ್ಯದ ಮನೆ ಎಷ್ಟೋ ಭೂಪರಿವರ್ತನೆ ಆಗದ ಜಾಗದಲ್ಲಿವೆ. ಅಂಥದ್ದಕ್ಕೆ ಮನೆ ಮೇಲಿನ ಓಡಿ ಸಿಗುವುದು ಕಷ್ಟ. ಪಂಚಾಯತಿ ವ್ಯಾಪ್ತಿಯದಾದರೆ ಇ-ಸ್ವತ್ತಿನ 9 ಮತ್ತು 11ನೇ ನಮೂನೆ, ಪೇಟೆಯದಾದರೆ ಇ-ಖಾತೆ, ಜೊತೆಗೆ ಕ್ರಯಪತ್ರ, ಆಸ್ತಿ ಮೇಲೆ ಏನೇನು ನೋಂದಣಿ ಆಗಿದೆ ಅಂತ ತೋರಿಸುವ ಋಣಭಾರ ಪತ್ರ (ಇಸಿ) ಕೇಳುತ್ತಾರೆ. ಹಿರಿಯರ ಆಸ್ತಿ ಪಾಲಾಗದೆ ಇದ್ದರೆ ಅಕ್ಕತಂಗಿಯರ ಸಹಿಯೂ ಬೇಕಾಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಬರೀ ಸಹಿ ಹಾಕು ಅಂತ ಕಾಗದ ಮುಂದಿಡಬೇಡಿ. ಎಷ್ಟು ಸಾಲ, ಯಾಕೆ, ಯಾವಾಗ ತೀರುತ್ತದೆ ಅಂತ ಅವರಿಗೂ ಹೇಳಿ. ಅಡ ಇಡುತ್ತಿರುವುದು ಅವರ ಪಾಲನ್ನೂ ಸೇರಿಸಿ.

ಬಡ್ಡಿ ದರ ಇಲ್ಲೂ ಬದಲಾಗುತ್ತದೆ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಮನೆ ಸಾಲದಂಥ ಹೊಸ ಬದಲಾಗುವ ದರದ ಸಾಲಗಳನ್ನು ಹೊರಗಿನ ಒಂದು ದರಕ್ಕೆ, ಹೆಚ್ಚಾಗಿ ರಿಸರ್ವ್ ಬ್ಯಾಂಕಿನ ರೆಪೋಗೆ, ಕಟ್ಟಿಹಾಕಬೇಕು. ರೆಪೋ ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ. 2022ರ ಮೇ ತಿಂಗಳ ಶುರುವಿನಲ್ಲಿ 4 ಇದ್ದ ರೆಪೋ 2023ರ ಫೆಬ್ರವರಿಗೆ 6.50 ಆಯಿತು. 2025ರಲ್ಲಿ ಇಳಿಯಿತು. ಏರಿದ್ದು ತಾನಾಗಿ ಬರುತ್ತದೆ, ಇಳಿದದ್ದು ನಿಮ್ಮ ಖಾತೆಗೆ ಬಂದಿದೆಯಾ ಅಂತ ಮಾತ್ರ ಹೋಗಿ ಕೇಳಿ.

ಕೊನೆಗೆ ಸಾಲ ಮುಗಿಸುವ ವಿಷಯ. ಕಂತಿನ ಸಾಲ ಕೊನೇ ಕಂತಿಗೆ ಮುಗಿಯುತ್ತದೆ. ಲಿಮಿಟ್ ಸಾಲ ಬಾಕಿ ಸೊನ್ನೆ ಆದರೂ ಮುಗಿದಿಲ್ಲ, ಲಿಮಿಟ್ ತೆರೆದೇ ಇರುತ್ತದೆ, ಮನೆ ಅಡದಲ್ಲೇ ಇರುತ್ತದೆ. ಅಮೆರಿಕದಲ್ಲೂ ಇದೇ ಕಥೆ. ಹಾಗಾಗಿ ಸೊನ್ನೆ ಮಾಡಿದ ದಿನವೇ "ಖಾತೆ ಮುಚ್ಚಿ" ಅಂತ ಲಿಖಿತವಾಗಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. 2023ರ ಡಿಸೆಂಬರ್‌ 1ರಿಂದ ಇರುವ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು, ಬ್ಯಾಂಕಿನ ಕಾರಣಕ್ಕೆ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ಪತ್ರ ಕೈಗೆ ಬಂದ ಮೇಲೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಡಮಾನ ಬಿಡುಗಡೆ ನೋಂದಣಿ ಆಗಿದೆಯಾ ನೋಡಿ. ಆಮೇಲೆ ಒಂದು ಋಣಭಾರ ಪತ್ರ ತೆಗೆಸಿ, ಅದರಲ್ಲಿ ಬಿಡುಗಡೆಯ ನಮೂದು ಬಂದಿದೆಯಾ ಅಂತ ಓದಿಕೊಂಡು, ಕ್ರಯಪತ್ರದ ಜೊತೆಗೇ ಇಟ್ಟುಬಿಡಿ.